ಗೃಹಬಳಕೆ ನೀರಿನ ಬಿಲ್ಲು ಅಸಹಜವಾಗಿ ಹೆಚ್ಚು ಬಂದಾಗ: ಗ್ರಾಹಕರ ಮಾಹಿತಿಗಾಗಿ

ಪ್ರತಿ ತಿಂಗಳು ಮುನ್ನೂರು–ನಾನೂರು ರೂಪಾಯಿಗಳ ಆಸುಪಾಸಿನಲ್ಲಿ ಬರುತ್ತಿದ್ದ ನೀರಿನ ಬಿಲ್ಲು ಒಮ್ಮೆಲೇ ಮೂರು ಸಾವಿರ ರೂಪಾಯಿಗಳಿಗೆ ಬಂದಾಗ ಗೃಹಸ್ಥರು ಗಾಬರಿಗೊಳ್ಳುವುದು ಸಹಜ. ಇಂತಹ ಸಂದರ್ಭದಲ್ಲಿ ಹೆಚ್ಚಿನ ಗ್ರಾಹಕರು ಬಿಲ್ಲನ್ನು ಕೈಯಲ್ಲಿ ಹಿಡಿದು ನೇರವಾಗಿ ಕಚೇರಿಗೆ ಬಂದು, ಮೀಟರು ಕೆಟ್ಟಿದೆ ಎಂದು ದೂರುತ್ತಾರೆ. ಮೀಟರು ಸರಿಯಿದೆ, ಬಿಲ್ಲು ಕಟ್ಟಿ ಎಂಬ ಉತ್ತರವೂ ಅಷ್ಟೇ ಶೀಘ್ರವಾಗಿ ದೊರೆಯುತ್ತದೆ. ಎರಡು ಮಾತುಗಳಿಗೂ ಆ ಹಂತದಲ್ಲಿ ಆಧಾರವಿರುವುದಿಲ್ಲ. ಬಿಲ್ಲೆಂಬುದು ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಅವುಗಳ ನಡುವಿನ ಅವಧಿ ಮತ್ತು ದರ ಎಂಬ ನಾಲ್ಕು ಅಂಕಿಗಳಿಂದ ಹೊರಡುವ ಲೆಕ್ಕ. ಈ ನಾಲ್ಕರಲ್ಲಿ ಯಾವುದು ತಪ್ಪಿದೆ, ಅಥವಾ ಯಾವುದೂ ತಪ್ಪದೆ ನೀರೇ ನಿಜವಾಗಿ ಹರಿದು ಹೋಗಿದೆಯೇ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ವಿವಾದವು ಬಹುಪಾಲು ಅಲ್ಲಿಯೇ ಇತ್ಯರ್ಥವಾಗುತ್ತದೆ. ಅದನ್ನು ಗೊತ್ತುಮಾಡಿಕೊಳ್ಳುವ ವಿಧಾನವನ್ನು ಮತ್ತು ನಂತರ ದೂರು ಸಲ್ಲಿಸಬೇಕಾದ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳನ್ನು ಮುಖ್ಯವಾಗಿ ಬೆಂಗಳೂರು ನಗರದಿಂದ ಆರಿಸಿಕೊಳ್ಳಲಾಗಿದೆ. ಮೀಟರು ಅಳವಡಿಸಿರುವ ಇತರೆ ನಗರ ಮತ್ತು ಪಟ್ಟಣಗಳ ಗ್ರಾಹಕರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಬಿಲ್ಲನ್ನು ಮೊದಲು ಓದುವುದು

ಬಿಲ್ಲಿನ ಕೊನೆಯಲ್ಲಿರುವ ಒಟ್ಟು ಮೊತ್ತವನ್ನು ಮಾತ್ರ ನೋಡುವ ಅಭ್ಯಾಸವನ್ನು ಗ್ರಾಹಕರು ಬಿಡಬೇಕು. ಆ ಮೊತ್ತದಲ್ಲಿ ಹಿಂದಿನ ಬಾಕಿ ಮತ್ತು ಅದರ ಮೇಲಿನ ಬಡ್ಡಿ ಸೇರಿರಬಹುದು. ಹಿಂದಿನ ತಿಂಗಳು ಪಾವತಿಸಿದ ಹಣ ಲೆಕ್ಕಕ್ಕೆ ಜಮಾ ಆಗುವ ಮೊದಲೇ ಹೊಸ ಬಿಲ್ಲು ಮುದ್ರಿತವಾಗಿದ್ದರೆ ಅದೂ ಬಾಕಿಯಾಗಿಯೇ ಕಾಣುತ್ತದೆ. ಆದ್ದರಿಂದ ಮೊದಲು ಬಾಕಿಯನ್ನು ಕಳೆದು, ಈ ಅವಧಿಯ ಶುಲ್ಕವೆಷ್ಟು ಎಂಬುದನ್ನು ಪ್ರತ್ಯೇಕಿಸಿಕೊಳ್ಳತಕ್ಕದ್ದು. ನೀರಿನ ಬಳಕೆ ಹೆಚ್ಚಿದಂತೆ ಒಳಚರಂಡಿಗೆ ಸಂಬಂಧಿಸಿದ ನೈರ್ಮಲ್ಯ ಶುಲ್ಕವೂ ಏರುವುದರಿಂದ, ಏರಿಕೆ ಎರಡು ಕಡೆ ಕಾಣಿಸುತ್ತದೆ.

ದರ ಪರಿಷ್ಕರಣೆಯನ್ನೂ ಗಮನಿಸಬೇಕು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು 2014ರ ನಂತರ 2025ರ ಏಪ್ರಿಲ್‌ನಲ್ಲಿ ನೀರಿನ ದರಗಳನ್ನು ಪರಿಷ್ಕರಿಸಿತು. ಹನ್ನೊಂದು ವರ್ಷ ಒಂದೇ ದರಕ್ಕೆ ಒಗ್ಗಿಕೊಂಡಿದ್ದವರಿಗೆ, ಬಳಕೆಯಲ್ಲಿ ಬದಲಾವಣೆ ಇಲ್ಲದೆಯೂ ಬಿಲ್ಲು ಹೆಚ್ಚಿತು. ಬಳಸಿದ ಕಿಲೋಲೀಟರುಗಳು ಹಿಂದಿನಷ್ಟೇ ಇದ್ದು ರೂಪಾಯಿ ಮಾತ್ರ ಹೆಚ್ಚಿದ್ದರೆ ಅದು ದರದ ವಿಷಯ. ಅದಕ್ಕೆ ಮೀಟರು ಪರೀಕ್ಷೆ ಕೋರಿ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಿಲ್ಲ.

ಆದಕಾರಣ ಹೋಲಿಕೆಯನ್ನು ರೂಪಾಯಿಗಳಲ್ಲಿ ಮಾಡದೆ ಕಿಲೋಲೀಟರುಗಳಲ್ಲಿ ಮಾಡತಕ್ಕದ್ದು. ಒಂದು ಕಿಲೋಲೀಟರ್ ಎಂದರೆ 1,000 ಲೀಟರ್, ಅಂದರೆ ಒಂದು ಘನ ಮೀಟರ್. ಒಳಚರಂಡಿ ವ್ಯವಸ್ಥೆಯಿರುವ ದೊಡ್ಡ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಯೋಜನೆಗಳನ್ನು ರೂಪಿಸುವಾಗ ಅನುಸರಿಸುತ್ತ ಬಂದಿರುವ ಮಾನದಂಡ. ಆ ಪ್ರಕಾರ ನಾಲ್ಕು ಜನರ ಕುಟುಂಬಕ್ಕೆ ದಿನಕ್ಕೆ 540 ಲೀಟರ್, ತಿಂಗಳಿಗೆ ಸುಮಾರು 16 ಕಿಲೋಲೀಟರ್ ಆಗುತ್ತದೆ. ತಮ್ಮ ಮನೆಯ ಬಳಕೆ ಇದಕ್ಕಿಂತ ಸ್ವಲ್ಪ ಹೆಚ್ಚು ಅಥವಾ ಕಡಿಮೆ ಇರಬಹುದು. ನಾಲ್ವರಿರುವ ಮನೆಗೆ 50 ಕಿಲೋಲೀಟರ್ ಎಂದು ಬಿಲ್ಲು ಬಂದಿದ್ದರೆ ಮಾತ್ರ ವಿಚಾರಿಸಲೇಬೇಕು.

ಮೀಟರಿನ ಮುಖ ಮತ್ತು ಬಿಲ್ಲಿನ ಅಂಕಿ

ಸಾಮಾನ್ಯ ಗೃಹಬಳಕೆಯ ಮೀಟರಿನಲ್ಲಿ ಕಪ್ಪು ಅಂಕಿಗಳು ಪೂರ್ಣ ಕಿಲೋಲೀಟರುಗಳನ್ನೂ, ಕೆಂಪು ಅಂಕಿಗಳು ಅಥವಾ ಕೆಂಪು ಮುಳ್ಳುಗಳು ಅದರ ಭಾಗಗಳನ್ನೂ ತೋರಿಸುತ್ತವೆ. ಬಿಲ್ಲಿಗೆ ಬೇಕಾದುದು ಕಪ್ಪು ಅಂಕಿಗಳು ಮಾತ್ರ. ಕೆಂಪು ಅಂಕಿಯೊಂದನ್ನು ಕಪ್ಪಿನೊಂದಿಗೆ ಸೇರಿಸಿ ಓದಿದರೆ ರೀಡಿಂಗ್ ಹತ್ತು ಪಟ್ಟಾಗುತ್ತದೆ. ಮಂಜು ಕಟ್ಟಿದ ಗಾಜಿನ ಹಿಂದೆ 4 ಮತ್ತು 5 ಒಂದೇ ರೀತಿ ಕಾಣುವುದೂ ಉಂಟು. 0482 ಎಂಬ ಹಿಂದಿನ ರೀಡಿಂಗಿನ ಮುಂದೆ 0499 ಎಂದು ಬರೆಯುವ ಬದಲು 0599 ಎಂದು ನಮೂದಾದರೆ, 17 ಕಿಲೋಲೀಟರ್ ಬಳಸಿದ ಮನೆಗೆ 117 ಕಿಲೋಲೀಟರಿನ ಬಿಲ್ಲು ಹೊರಡುತ್ತದೆ.

ಲೆಕ್ಕಪತ್ರ ಓದಿದವರಿಗೆ ಒಂದು ಮೂಲಪಾಠ ನೆನಪಿರುತ್ತದೆ: ಹಿಂದಿನ ತಿಂಗಳ ಅಂತಿಮ ಶಿಲ್ಕು ಈ ತಿಂಗಳ ಆರಂಭ ಶಿಲ್ಕಾಗಿ ಬರಬೇಕು. ನೀರಿನ ಬಿಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಹಿಂದಿನ ಬಿಲ್ಲಿನ ಈಗಿನ ರೀಡಿಂಗ್, ಇಂದಿನ ಬಿಲ್ಲಿನ ಹಿಂದಿನ ರೀಡಿಂಗ್ ಆಗಿರತಕ್ಕದ್ದು. ಎರಡು ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಮೀಟರು ಬದಲಾಯಿಸಿದ ತಿಂಗಳಿನಲ್ಲಿ ಈ ಸರಪಳಿ ತುಂಡಾಗುವುದರಿಂದ, ಹಳೆಯ ಮೀಟರಿನ ಕೊನೆಯ ರೀಡಿಂಗ್ ಮತ್ತು ಹೊಸ ಮೀಟರಿನ ಮೊದಲ ರೀಡಿಂಗನ್ನು ಗ್ರಾಹಕರೂ ಬರೆದಿಟ್ಟುಕೊಳ್ಳುವುದು ಅಗತ್ಯ.

ನಂತರ ಮೀಟರಿನ ಬಳಿ ಹೋಗಿ ಅಂದಿನ ರೀಡಿಂಗ್ ನೋಡಬೇಕು. ಬಿಲ್ಲಿನಲ್ಲಿರುವ ಈಗಿನ ರೀಡಿಂಗಿಗಿಂತ ಮೀಟರಿನಲ್ಲಿ ಕಡಿಮೆ ಅಂಕಿ ಇದ್ದರೆ ತಪ್ಪು ಓದಿರುವುದು ಖಚಿತ, ಏಕೆಂದರೆ ಮೀಟರು ಹಿಂದಕ್ಕೆ ಓಡುವುದಿಲ್ಲ. ಮೀಟರಿನ ಕ್ರಮಸಂಖ್ಯೆ ಮತ್ತು ಅಂಕಿಗಳೆರಡೂ ಕಾಣುವಂತೆ ಮೊಬೈಲ್ ದೂರವಾಣಿಯಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಇಂತಹ ದೂರು ಅದೊಂದೇ ಚಿತ್ರದಿಂದ ಇತ್ಯರ್ಥವಾಗಬಲ್ಲದು. ಅದು ತಡವಾದಷ್ಟು ಕಷ್ಟ. ಎರಡು ತಿಂಗಳು ಕಳೆದರೆ ಮೀಟರು ತಾನಾಗಿಯೇ ತಪ್ಪು ಅಂಕಿಯನ್ನು ದಾಟಿ ಮುಂದೆ ಹೋಗಿರುತ್ತದೆ, ಆಗ ತೋರಿಸಲು ಏನೂ ಉಳಿದಿರುವುದಿಲ್ಲ.

ಬಾಗಿಲು ಹಾಕಿದ್ದ ತಿಂಗಳುಗಳು

ಗೇಟಿಗೆ ಬೀಗ ಹಾಕಿದ್ದರೆ, ನಾಯಿ ಕಟ್ಟಿದ್ದರೆ, ಅಥವಾ ಮೀಟರಿನ ಗುಂಡಿಯ ಮೇಲೆ ಹೂಕುಂಡವೋ ವಾಹನವೋ ನಿಂತಿದ್ದರೆ ಮೀಟರ್ ರೀಡರ್ ಹಿಂದಿನ ತಿಂಗಳುಗಳ ಸರಾಸರಿಯ ಮೇಲೆ ಬಿಲ್ಲು ನೀಡುವರು. ಇದು ತಾತ್ಕಾಲಿಕ ಬಿಲ್ಲು. ನಿಜವಾದ ಬಳಕೆ ಸರಾಸರಿಗಿಂತ ಹೆಚ್ಚಿದ್ದರೆ, ರೀಡಿಂಗ್ ಸಿಕ್ಕ ದಿನ ಉಳಿದ ನೀರೆಲ್ಲವೂ ಒಂದೇ ಬಿಲ್ಲಿನಲ್ಲಿ ಬಂದು ಬೀಳುತ್ತದೆ. ಬಳಸಿದ ನೀರಿಗೆ ಹಣ ಕೊಡುವುದು ನ್ಯಾಯವೇ. ಆದರೆ ಇಲ್ಲಿ ಗ್ರಾಹಕರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ, ಮತ್ತು ಇದನ್ನು ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ.

ನೀರಿನ ದರ ಎಲ್ಲ ಲೀಟರಿಗೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಗೃಹಬಳಕೆಗೆ ತಿಂಗಳಿಗೆ 8,000 ಲೀಟರ್‌ವರೆಗೆ ಒಂದು ದರ, 25,000ದವರೆಗೆ ಮತ್ತೊಂದು, 50,000ದವರೆಗೆ ಇನ್ನೊಂದು, ಅದರ ಮೇಲೆ ಬೇರೆಯೇ ದರ ಇರುತ್ತದೆ. ಮೇಲಿನ ಹಂತಕ್ಕೆ ಹೋದಂತೆ ಪ್ರತಿ ಕಿಲೋಲೀಟರಿನ ಬೆಲೆ ಏರುತ್ತದೆ. ಮೂರು ತಿಂಗಳ ನೀರನ್ನು ಒಂದೇ ತಿಂಗಳ ನೀರೆಂದು ಲೆಕ್ಕ ಹಾಕಿದರೆ, ಕೆಳಗಿನ ಹಂತದಲ್ಲಿ ಬೀಳಬೇಕಾದ ನೀರು ಮೇಲಿನ ಹಂತಕ್ಕೆ ಹೋಗಿ ಕುಳಿತುಕೊಳ್ಳುತ್ತದೆ.

2014ರಿಂದ 2025ರ ಪರಿಷ್ಕರಣೆಯವರೆಗೆ ಜಾರಿಯಲ್ಲಿದ್ದ ದರಗಳಿಂದ ಒಂದು ಲೆಕ್ಕ ನೋಡಬಹುದು. ಆಗ ಮೊದಲ 8 ಕಿಲೋಲೀಟರಿಗೆ ತಲಾ 7 ರೂ., ನಂತರ 25ರವರೆಗೆ 11 ರೂ., 50ರವರೆಗೆ 26 ರೂ., ಅದರ ಮೇಲೆ 45 ರೂ. ಇತ್ತು. ತಿಂಗಳಿಗೆ 20 ಕಿಲೋಲೀಟರ್ ಬಳಸುವ ಮನೆಗೆ ನೀರಿನ ಶುಲ್ಕ 56 ಮತ್ತು 132 ಸೇರಿ 188 ರೂ. ಮೂರು ತಿಂಗಳಿಗೆ 564 ರೂ. ಅದೇ 60 ಕಿಲೋಲೀಟರನ್ನು ಒಂದೇ ತಿಂಗಳ ಬಳಕೆ ಎಂದು ಹಿಡಿದರೆ 56, 187, 650 ಮತ್ತು 450 ಸೇರಿ 1,343 ರೂ. ಆಗುತ್ತದೆ. ನೀರು ಅಷ್ಟೇ, ಬಳಸಿದವರೂ ಅವರೇ, ವ್ಯತ್ಯಾಸ 779 ರೂಪಾಯಿ. ಈಗಿನ ದರಗಳು ಬೇರೆ, ಆದರೆ ಹಂತಗಳು ಏರುವ ಕ್ರಮ ಹಾಗೆಯೇ ಇರುವುದರಿಂದ ಪರಿಣಾಮವೂ ಅದೇ.

ಆದ್ದರಿಂದ ಸಂಗ್ರಹವಾದ ರೀಡಿಂಗಿನ ಬಿಲ್ಲು ಬಂದಾಗ ಮೂರು ಅಂಶಗಳನ್ನು ಕೇಳಬೇಕು. ಒಟ್ಟು ಬಳಕೆಯನ್ನು ಸಂಬಂಧಪಟ್ಟ ತಿಂಗಳುಗಳಿಗೆ ಸಮನಾಗಿ ಹಂಚಿ ಹಂತವಾರು ದರ ಹಾಕಲಾಗಿದೆಯೇ? ಸರಾಸರಿ ಬಿಲ್ಲುಗಳ ಮೂಲಕ ಈಗಾಗಲೇ ಪಾವತಿಸಿದ ಮೊತ್ತವನ್ನು ಕಳೆಯಲಾಗಿದೆಯೇ? ಮತ್ತು ಆ ಅವಧಿಯ ಮಧ್ಯದಲ್ಲಿ ದರ ಬದಲಾಗಿದ್ದರೆ ಹಳೆಯ ತಿಂಗಳುಗಳಿಗೆ ಹಳೆಯ ದರವನ್ನೇ ಹಿಡಿಯಲಾಗಿದೆಯೇ? ಅರ್ಜಿಯಲ್ಲಿ ಬಿಲ್ಲು ಹೆಚ್ಚಾಗಿದೆ ಎಂದಷ್ಟೇ ಬರೆಯುವುದಕ್ಕಿಂತ, ಇಂತಿಷ್ಟು ತಿಂಗಳ ಬಳಕೆಯನ್ನು ತಿಂಗಳುವಾರು ವಿಂಗಡಿಸಿ ಬಿಲ್ಲನ್ನು ಪರಿಷ್ಕರಿಸಿಕೊಡಬೇಕೆಂದು ಕೋರಿದರೆ ಕಚೇರಿಯವರಿಗೂ ಏನು ಮಾಡಬೇಕೆಂಬುದು ಸ್ಪಷ್ಟವಾಗುತ್ತದೆ.

ಸಂಪಿನಲ್ಲಿ ಕಳೆದುಹೋಗುವ ನೀರು

ಮೇಲಿನ ಯಾವುದೂ ಅಲ್ಲವೆಂದಾದರೆ ನೀರು ನಿಜವಾಗಿಯೇ ಮೀಟರನ್ನು ದಾಟಿ ಹೋಗಿರುವ ಸಂಭವ ಹೆಚ್ಚು. ಇದನ್ನು ಗ್ರಾಹಕರು ಸುಲಭವಾಗಿ ಒಪ್ಪುವುದಿಲ್ಲ. ಒದ್ದೆ ನೆಲ ಕಾಣದ ಕಡೆ ಸೋರಿಕೆ ಇದೆ ಎಂದರೆ ಯಾರು ತಾನೇ ನಂಬುವರು?

ಕೆಲ ವರ್ಷಗಳ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರು ಬಿಲ್ಲುಗಳ ಕಟ್ಟನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಂದಿದ್ದರು. ನೆಲಮಹಡಿಯಲ್ಲಿ ಅವರೊಬ್ಬರೇ ವಾಸ, ಮಹಡಿಯ ಮೇಲೆ ಬಾಡಿಗೆಗೆ ಒಂದು ಯುವ ದಂಪತಿ ಮತ್ತು ಕೈಗೂಸು. ತಿಂಗಳಿಗೆ ಸುಮಾರು 18 ಕಿಲೋಲೀಟರ್ ಇದ್ದ ಬಳಕೆ 49ಕ್ಕೆ ಏರಿತ್ತು. ಮಗುವಿನ ಬಟ್ಟೆಗಾಗಿ ದಿನವೂ ವಾಷಿಂಗ್ ಮೆಷಿನ್ ಹಾಕುತ್ತಾರೆ, ಅದರಿಂದಲೇ ಹೀಗಾಯಿತು ಎಂದು ಅವರು ಮೇಲಿನವರನ್ನು ಆಕ್ಷೇಪಿಸಿದ್ದರು, ಮಾತಿಗೆ ಮಾತು ಬೆಳೆದಿತ್ತು. ಮೇಲಿನವರು ಮೀಟರೇ ಸರಿಯಿಲ್ಲವೆಂದು ವಾದಿಸಿದ್ದರು. ಕಚೇರಿಗೆ ಬಂದ ಅರ್ಜಿಯಲ್ಲಿ ಇದ್ದುದೂ ಮೀಟರಿನ ದೂರೇ.

ಸಿಬ್ಬಂದಿ ಸ್ಥಳ ಪರಿಶೀಲನೆ ಮಾಡಿದಾಗ ಮೀಟರಿನಲ್ಲಿ ದೋಷ ಕಂಡುಬರಲಿಲ್ಲ. ಆ ಬೀದಿಗೆ ದಿನ ಬಿಟ್ಟು ದಿನ ರಾತ್ರಿ ಎರಡು ಗಂಟೆಗೆ ನೀರು ಬರುತ್ತಿತ್ತು. ಸಂಪಿನ ಬಾಲ್ ಕಾಕ್‌ನ ಕಡ್ಡಿ ತುಕ್ಕು ಹಿಡಿದು ಮುರಿದಿದ್ದರಿಂದ, ಸಂಪು ತುಂಬಿದ ಮೇಲೂ ನೀರು ನಿಲ್ಲುತ್ತಿರಲಿಲ್ಲ. ಸಾಮಾನ್ಯವಾಗಿ ಅಂತಹ ನೀರು ಅಂಗಳಕ್ಕೆ ಹರಿದು ಎಲ್ಲರಿಗೂ ಕಾಣುತ್ತದೆ. ಇಲ್ಲಿ ಮನೆ ಕಟ್ಟಿದವರು ಹೆಚ್ಚುವರಿ ನೀರಿನ ಕೊಳವೆಯನ್ನು ನೆಲದಡಿಯಲ್ಲೇ ಮಳೆನೀರಿನ ಚರಂಡಿಗೆ ಸೇರಿಸಿದ್ದರು. ಹೀಗಾಗಿ ಬೆಳಗಾಗುವ ವೇಳೆಗೆ ಸಂಪು ತುಂಬಿರುತ್ತಿತ್ತು, ಅಂಗಳ ಒಣಗಿರುತ್ತಿತ್ತು. ನಿಮಿಷಕ್ಕೆ 17 ಲೀಟರಿನಂತೆ ಎರಡು ಗಂಟೆ ಹೊರಹರಿದರೆ ಒಂದು ರಾತ್ರಿಗೆ 2,040 ಲೀಟರ್, ತಿಂಗಳ ಹದಿನೈದು ಸರದಿಗೆ 30 ಕಿಲೋಲೀಟರಿಗೂ ಹೆಚ್ಚು. ಬಿಲ್ಲಿನ ಏರಿಕೆಯ ಲೆಕ್ಕ ಅಲ್ಲಿಗೆ ಸರಿಹೊಂದಿತು.

ಬಾಲ್ ಕಾಕ್ ಬದಲಾಯಿಸಲು ಕೆಲವು ನೂರು ರೂಪಾಯಿಗಳು ಸಾಕಾದವು. ಬಿಲ್ಲು ಮಾತ್ರ ಕಡಿಮೆಯಾಗಲಿಲ್ಲ, ಏಕೆಂದರೆ ಮೀಟರು ದಾಟಿದ ನೀರಿನ ಹೊಣೆ ಗ್ರಾಹಕರದು. ಕಂತುಗಳಲ್ಲಿ ಪಾವತಿಸಲು ಅವಕಾಶ ನೀಡಲಾಯಿತು. ಆ ಹುಡುಗಿಗೆ ಏನೆಲ್ಲ ಅಂದುಬಿಟ್ಟೆನಲ್ಲ ಎಂದು ಶಿಕ್ಷಕಿಯವರು ಬಹಳ ನೊಂದುಕೊಂಡರು. ಬಾಡಿಗೆದಾರರು ಆ ವೇಳೆಗಾಗಲೇ ಬೇರೆ ಮನೆಗೆ ಮುಂಗಡ ಕೊಟ್ಟಾಗಿತ್ತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ನಮ್ಮ ನಗರಗಳ ಬಹುತೇಕ ಮನೆಗಳಲ್ಲಿ ಬೀದಿಯ ಕೊಳವೆಯ ನೀರು ಮೀಟರು ದಾಟಿ ಸಂಪಿಗೆ ಇಳಿದು, ಅಲ್ಲಿಂದ ಮೋಟಾರಿನ ಮೂಲಕ ಓವರ್‌ಹೆಡ್ ಟ್ಯಾಂಕಿಗೆ ಏರುತ್ತದೆ. ಎಲ್ಲ ನಲ್ಲಿಗಳನ್ನು ಮುಚ್ಚಿ ಮೀಟರು ತಿರುಗುತ್ತದೆಯೇ ನೋಡಿ ಎಂಬ ಸಲಹೆ ದಿನವಿಡೀ ನೀರು ಬರುವ ಕಡೆಗೆ ಸರಿ. 2008ರ ಸುಮಾರಿಗೆ ನಿರಂತರ ನೀರು ಸರಬರಾಜು ಆರಂಭವಾದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ, ಸಂಪಿಲ್ಲದೆ ನೇರ ಸಂಪರ್ಕ ಇರುವ ಮನೆಗಳಿಗೆ ಅದು ಒಪ್ಪುತ್ತದೆ. ಸಂಪಿರುವ ಮನೆಯಲ್ಲಿ ಹಾಗಲ್ಲ. ಅಲ್ಲಿ ಮೂರು ಭಾಗಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಮೊದಲನೆಯದು ಮೀಟರಿನಿಂದ ಸಂಪಿನವರೆಗಿನ ಕೊಳವೆ. ನೀರು ಬರುವ ಸಮಯದಲ್ಲಿ ಸಂಪಿನ ಬಾಯಿಯಲ್ಲಿರುವ ವಾಲ್ವನ್ನು ಪೂರ್ಣ ಮುಚ್ಚಿ, ಹತ್ತು ನಿಮಿಷ ಮೀಟರಿನ ಕೆಂಪು ಮುಳ್ಳನ್ನು ಗಮನಿಸಬೇಕು. ಮುಳ್ಳು ಚಲಿಸುತ್ತಿದ್ದರೆ ನೆಲದಡಿಯ ಕೊಳವೆ ಒಡೆದಿದೆ. ವಾಲ್ವ್ ತೆರೆದು, ಸಂಪು ತುಂಬಿದ ಮೇಲೂ ಮುಳ್ಳು ತಿರುಗುತ್ತಲೇ ಇದ್ದರೆ ಬಾಲ್ ಕಾಕ್ ಕೆಟ್ಟಿದೆ. ಇದಕ್ಕಾಗಿ ಒಂದು ರಾತ್ರಿ ನಿದ್ದೆಗೆಡಬೇಕಾಗಬಹುದು, ಆದರೆ ಮೇಲಿನ ಪ್ರಕರಣದಲ್ಲಿ ಆ ಒಂದು ರಾತ್ರಿ ಬಹಳವನ್ನು ಉಳಿಸುತ್ತಿತ್ತು.

ಎರಡನೆಯದು ಸಂಪು. ನೀರು ಬಾರದ ದಿನ ರಾತ್ರಿ ಮೋಟಾರು ಹಾಕದೆ, ನೀರಿನ ಮಟ್ಟವನ್ನು ಕೋಲಿನಿಂದ ಅಳೆದು ಗುರುತು ಮಾಡಿ, ಬೆಳಿಗ್ಗೆ ಮತ್ತೆ ಅಳೆಯಬೇಕು. ಮಟ್ಟ ಇಳಿದಿದ್ದರೆ ಗೋಡೆಯಲ್ಲೋ ತಳದಲ್ಲೋ ಬಿರುಕಿದೆ. ಬಿರುಕಿನಿಂದ ನೀರು ಹೋಗುವುದಷ್ಟೇ ಅಲ್ಲ, ಪಕ್ಕದ ಚರಂಡಿಯ ಕೊಳಕು ನೀರು ಒಳಗೆ ಬರುವ ಅಪಾಯವೂ ಇರುವುದರಿಂದ ಇದನ್ನು ಮುಂದೂಡಬಾರದು.

ಮೂರನೆಯದು ಮೇಲಿನ ಟ್ಯಾಂಕ್ ಮತ್ತು ಮನೆಯೊಳಗಿನ ಕೊಳಾಯಿಗಳು. ರಾತ್ರಿ ಎಲ್ಲ ನಲ್ಲಿ ಮುಚ್ಚಿದ ಮೇಲೂ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ಮೊದಲು ನೋಡಬೇಕಾದುದು ಶೌಚಾಲಯದ ಫ್ಲಷ್. ಅದರ ತೊಟ್ಟಿಗೆ ಸ್ವಲ್ಪ ಅರಿಶಿನ ಅಥವಾ ಅಡುಗೆಯ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಕೆಳಗೆ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಸವೆದಿದೆ ಎಂದರ್ಥ. ಮೋಟಾರನ್ನು ನಿಲ್ಲಿಸಲು ಮರೆತು ಟ್ಯಾಂಕ್ ಉಕ್ಕಿ ಹರಿಯುವುದನ್ನು ಇಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ.

ಮೀಟರು ನಿಜವಾಗಿಯೂ ತಪ್ಪು ತೋರಿಸುವುದೆಂದಾದರೆ

ಗೃಹಬಳಕೆಯ ನೀರಿನ ಮೀಟರುಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 779 ಎಂಬ ಮಾನಕವಿದೆ. ಸಾಧಾರಣ ಹರಿವಿನಲ್ಲಿ ಶೇ. 2ರಷ್ಟು, ತೀರಾ ಕಡಿಮೆ ಹರಿವಿನಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆಯನ್ನು ಹೊಸ ಮೀಟರಿಗೆ ಅನುಮತಿಸಲಾಗಿದೆ. ಯಂತ್ರಭಾಗಗಳಿರುವ ಮೀಟರು ಸವೆದಂತೆ ಸಾಮಾನ್ಯವಾಗಿ ನಿಧಾನವಾಗುತ್ತದೆ, ಅಂದರೆ ಕಡಿಮೆ ತೋರಿಸುತ್ತದೆ. ಹಳೆಯ ಮೀಟರು ತೆಗೆದು ಹೊಸದನ್ನು ಹಾಕಿದ ಕೂಡಲೇ ಬಿಲ್ಲು ಏರಿತೆಂಬ ದೂರುಗಳ ಹಿಂದೆ ಅನೇಕ ವೇಳೆ ಇರುವುದು ಇದೇ ಸಂಗತಿ. ಹೊಸದು ಓಡುತ್ತಿಲ್ಲ, ಹಳೆಯದು ಕುಂಟುತ್ತಿತ್ತು. ಗ್ರಾಹಕರಿಗೆ ಈ ಉತ್ತರ ರುಚಿಸುವುದಿಲ್ಲವಾದರೂ ಹೇಳಬೇಕಾಗುತ್ತದೆ.

ಗಾಳಿಯ ವಿಷಯ ಬೇರೆ. ಸರದಿಯಲ್ಲಿ ನೀರು ಬಿಡುವ ಊರುಗಳಲ್ಲಿ ಖಾಲಿ ಕೊಳವೆಯಲ್ಲಿ ತುಂಬಿದ ಗಾಳಿ, ನೀರಿಗಿಂತ ಮುಂದಾಗಿ ನುಗ್ಗಿ ಮೀಟರನ್ನು ತಿರುಗಿಸುತ್ತದೆ ಎಂಬ ದೂರು ಸುಳ್ಳಲ್ಲ. ನೀರು ಬರುವ ಮೊದಲ ನಿಮಿಷಗಳಲ್ಲಿ ನಲ್ಲಿ ಬುಸುಗುಟ್ಟುವುದನ್ನು ಎಲ್ಲರೂ ಕೇಳಿದ್ದೇವೆ. ಆದರೆ ಅದು ಪ್ರತಿ ತಿಂಗಳೂ ನಡೆಯುವ ಸಂಗತಿ, ಒಂದೇ ತಿಂಗಳಲ್ಲಿ ಬಿಲ್ಲು ಮೂರು ಪಟ್ಟಾಗುವುದಕ್ಕೆ ಅದೊಂದೇ ಕಾರಣವಾಗಲಾರದು. ಅನುಮಾನವಿದ್ದರೆ ಆ ನಿಮಿಷಗಳಲ್ಲಿ ಮೀಟರು ಎಷ್ಟು ಲೀಟರ್ ಮುಂದೆ ಹೋಯಿತು ಎಂಬುದನ್ನು ವಿಡಿಯೊ ಮಾಡಿಟ್ಟುಕೊಳ್ಳಬಹುದು.

ಮೀಟರಿನ ನಿಖರತೆಯನ್ನು ಸ್ಥೂಲವಾಗಿ ಮನೆಯಲ್ಲೇ ತಿಳಿಯಲು ಸಂಪೇ ಅಳತೆಯ ಪಾತ್ರೆ. ಉದಾಹರಣೆಗೆ ಸಂಪಿನ ಒಳ ಅಳತೆ 6 ಅಡಿ ಉದ್ದ, 5 ಅಡಿ ಅಗಲ ಇದ್ದು, ನೀರು ಬಿಟ್ಟ ಅವಧಿಯಲ್ಲಿ ಮಟ್ಟ 2 ಅಡಿ ಏರಿತೆನ್ನಿ. 60 ಘನ ಅಡಿ ಆಯಿತು. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 1,700 ಲೀಟರ್. ಅದೇ ಅವಧಿಯಲ್ಲಿ ಮೀಟರು 1.7 ಕಿಲೋಲೀಟರಿನ ಆಸುಪಾಸಿನಲ್ಲಿ ಮುಂದೆ ಹೋಗಿದ್ದರೆ ಅದು ಸರಿಯಿದೆ. 2.5 ತೋರಿಸಿದ್ದರೆ ವಿಚಾರಿಸಬೇಕು. ಈ ಪರೀಕ್ಷೆ ಮಾಡುವಾಗ ಮೋಟಾರು ಹಾಕಬಾರದು, ಸಂಪಿನಲ್ಲಿ ಸೋರಿಕೆ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಂಡಿರಬೇಕು. ಎರಡು ಬೇರೆ ದಿನಗಳಲ್ಲಿ ಮಾಡಿ ಬರೆದಿಟ್ಟರೆ ಅರ್ಜಿಗೆ ಬಲ ಬರುತ್ತದೆ.

ಅನಂತರ ಅಧಿಕೃತ ಪರೀಕ್ಷೆಗೆ ನಿಯಮಾನುಸಾರ ಶುಲ್ಕ ಕಟ್ಟಿ ಕೋರಿಕೆ ಸಲ್ಲಿಸಬಹುದು. ಮೀಟರನ್ನು ಗ್ರಾಹಕರು ಸ್ವತಃ ಬಿಚ್ಚುವುದಾಗಲಿ, ಪ್ಲಂಬರನಿಂದ ಬಿಚ್ಚಿಸುವುದಾಗಲಿ, ಮುದ್ರೆ ಮುರಿಯುವುದಾಗಲಿ ಸರ್ವಥಾ ಕೂಡದು. ಹಾಗೆ ಮಾಡಿದ ಕ್ಷಣವೇ ಸಾಕ್ಷ್ಯ ನಾಶವಾಗಿ, ದೂರುದಾರರೇ ಉತ್ತರ ಹೇಳಬೇಕಾದ ಸ್ಥಿತಿ ಬರುತ್ತದೆ. ಪರೀಕ್ಷೆಗಾಗಿ ಸಿಬ್ಬಂದಿ ಮೀಟರು ಬಿಚ್ಚುವಾಗ ಗ್ರಾಹಕರು ಹಾಜರಿದ್ದು, ಕ್ರಮಸಂಖ್ಯೆ ಮತ್ತು ಅಂತಿಮ ರೀಡಿಂಗ್ ನಮೂದಿಸಿದ ಚೀಟಿಗೆ ಇಬ್ಬರ ಸಹಿಯೂ ಇರುವಂತೆ ನೋಡಿಕೊಳ್ಳತಕ್ಕದ್ದು.

ದೂರು ಸಲ್ಲಿಸುವುದು

ಬೆಂಗಳೂರಿನಲ್ಲಿ ಜಲಮಂಡಳಿಯ 1916 ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು. ಕರೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ನಂತರ ಸಂಬಂಧಪಟ್ಟ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸುವುದು ಉತ್ತಮ. ಉಪವಿಭಾಗಗಳಲ್ಲಿ ನಡೆಸಲಾಗುವ ನೀರಿನ ಅದಾಲತ್‌ನಲ್ಲಿಯೂ ಬಿಲ್ಲಿನ ದೂರುಗಳನ್ನು ಮುಂದಿಡಬಹುದು. ಇತರೆ ಊರುಗಳಲ್ಲಿ ನಗರಸಭೆ ಅಥವಾ ಪುರಸಭೆಯ ನೀರು ಸರಬರಾಜು ಶಾಖೆಯನ್ನು ಸಂಪರ್ಕಿಸಬೇಕು. ಬಾಯಿಮಾತಿನ ಭರವಸೆಯನ್ನು ನಂಬಿ ಬಿಲ್ಲಿನ ಕೊನೆಯ ದಿನಾಂಕ ದಾಟುವವರೆಗೆ ಕಾಯಬಾರದು.

ಅರ್ಜಿಯನ್ನು ದೀರ್ಘವಾಗಿ ಬರೆಯಬೇಕಾಗಿಲ್ಲ. ಈ ಕೆಳಗಿನ ಮಾದರಿ ಸಾಕಾಗುತ್ತದೆ:

"ಮಾನ್ಯರೇ, ನನ್ನ ಹೆಸರಿನಲ್ಲಿರುವ ಆರ್.ಆರ್. ಸಂಖ್ಯೆ ........ರ ಗೃಹಬಳಕೆ ಸಂಪರ್ಕಕ್ಕೆ ........ ತಿಂಗಳಿನಲ್ಲಿ ........ ಕಿಲೋಲೀಟರ್ ಬಳಕೆ ಎಂದು ಬಿಲ್ಲು ನೀಡಲಾಗಿರುತ್ತದೆ. ಹಿಂದಿನ ಹನ್ನೆರಡು ತಿಂಗಳ ಸರಾಸರಿ ಬಳಕೆ ........ ಕಿಲೋಲೀಟರ್ ಇರುತ್ತದೆ. ದಿನಾಂಕ ........ರಂದು ಮೀಟರಿನಲ್ಲಿ ........ ರೀಡಿಂಗ್ ಇದ್ದು, ಚಿತ್ರ ಲಗತ್ತಿಸಿದೆ. ಮನೆಯಲ್ಲಿ ಸೋರಿಕೆ ಪರಿಶೀಲಿಸಲಾಗಿದ್ದು ಕಂಡುಬಂದಿರುವುದಿಲ್ಲ. ಆದ್ದರಿಂದ ಸ್ಥಳ ಪರಿಶೀಲನೆ ಮಾಡಿಸಿ, ರೀಡಿಂಗ್ ಮತ್ತು ಹಂತವಾರು ಲೆಕ್ಕವನ್ನು ಪುನರ್‌ಪರಿಶೀಲಿಸಿ ಪರಿಷ್ಕೃತ ಬಿಲ್ಲು ನೀಡಬೇಕಾಗಿಯೂ, ಅಲ್ಲಿಯವರೆಗೆ ಸರಾಸರಿ ಮೊತ್ತವನ್ನು ಸ್ವೀಕರಿಸಿ ಸಂಪರ್ಕ ಕಡಿತಗೊಳಿಸದಿರಬೇಕಾಗಿಯೂ ಕೋರುತ್ತೇನೆ."

ಇದರ ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಮೊಹರು ಪಡೆಯಬೇಕು. ಮೊಹರಿಲ್ಲದ ಅರ್ಜಿ ಕೊಟ್ಟಿದ್ದೇನೆಂದು ಮುಂದೆ ಸಾಧಿಸುವುದು ಬಹಳ ಕಷ್ಟ.

ವಿವಾದ ಬಾಕಿ ಇರುವಾಗ ಹಣ ಕಟ್ಟಬೇಕೇ ಎಂಬುದು ಸಾಮಾನ್ಯ ಪ್ರಶ್ನೆ. ಆರು ತಿಂಗಳ ಸರಾಸರಿ ಕಟ್ಟಿದರೆ ಸಂಪರ್ಕ ಕಡಿಯುವಂತಿಲ್ಲ ಎಂಬ ಕಾನೂನಿದೆ ಎಂದು ಕೆಲವರು ವಾದಿಸುತ್ತಾರೆ. ಅದು 2003ರ ವಿದ್ಯುಚ್ಛಕ್ತಿ ಅಧಿನಿಯಮದ 56ನೇ ಪ್ರಕರಣದಲ್ಲಿರುವ ಅವಕಾಶ, ನೀರಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ನೀರಿನ ಬಿಲ್ಲಿನಲ್ಲಿ ಸರಾಸರಿ ಮೊತ್ತ ಕಟ್ಟಲು ಕಚೇರಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ಏನನ್ನೂ ಕಟ್ಟದೆ ಕುಳಿತರೆ ಬಾಕಿ ಮತ್ತು ಬಡ್ಡಿ ಬೆಳೆಯುತ್ತದೆ. ಬಿಲ್ಲು ಸರಿಯೆಂದು ತೀರ್ಮಾನವಾದರೆ ಆ ಬಡ್ಡಿಯೂ ತಲೆಯ ಮೇಲೆ ಬೀಳುತ್ತದೆ. ಪೂರ್ಣ ಮೊತ್ತವನ್ನೇ ಕಟ್ಟಬೇಕಾಗಿ ಬಂದಲ್ಲಿ, ಆಕ್ಷೇಪಣೆಗೊಳಪಟ್ಟು ಪಾವತಿಸಲಾಗಿದೆ ಎಂದು ಪತ್ರ ಕೊಟ್ಟು ಕಟ್ಟಬಹುದು.

ಅರ್ಜಿಗಳನ್ನು ನೋಡುವ ಸಿಬ್ಬಂದಿಗೂ ಒಂದು ಮಾತು ಇಲ್ಲಿ ಅಪ್ರಸ್ತುತವಾಗಲಾರದು. ಮೀಟರು ಸರಿಯಿದೆ ಎಂಬ ಒಂದು ಸಾಲಿನ ಹಿಂಬರಹದಿಂದ ಗ್ರಾಹಕರಿಗೆ ಏನೂ ತಿಳಿಯುವುದಿಲ್ಲ. ಹನ್ನೆರಡು ತಿಂಗಳ ರೀಡಿಂಗುಗಳ ಪಟ್ಟಿ ಮತ್ತು ಹಂತವಾರು ಲೆಕ್ಕದ ಪ್ರತಿಯನ್ನು ಅವರ ಕೈಗಿತ್ತರೆ, ಬಿಲ್ಲು ಕಡಿಮೆಯಾಗದಿದ್ದರೂ ಜನ ಒಪ್ಪಿಕೊಂಡು ಹೋಗುವುದನ್ನು ಕಂಡಿದ್ದೇವೆ. ಆ ಪಟ್ಟಿಯನ್ನು ನೀಡದಿದ್ದಲ್ಲಿ ಗ್ರಾಹಕರು 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂ. ಶುಲ್ಕದೊಂದಿಗೆ ಕೋರಬಹುದು, 30 ದಿನಗಳೊಳಗೆ ಉತ್ತರ ದೊರೆಯಬೇಕು.

ಕಚೇರಿಯ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ

ಇಂತಹ ವಿವಾದಗಳಿಗೆ ಕಡಿಮೆ ಖರ್ಚಿನ ಎರಡು ದಾರಿಗಳಿವೆ. ಮೊದಲನೆಯದಾದ ಖಾಯಂ ಲೋಕ ಅದಾಲತ್ ಅಷ್ಟಾಗಿ ಪರಿಚಿತವಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮಕ್ಕೆ 2002ರಲ್ಲಿ ಮಾಡಿದ ತಿದ್ದುಪಡಿಯ ಮೂಲಕ ಇದು ಅಸ್ತಿತ್ವಕ್ಕೆ ಬಂದಿತು. ಸಾರ್ವಜನಿಕರಿಗೆ ನೀರು ಒದಗಿಸುವ ಸೇವೆಯನ್ನು ಅಧಿನಿಯಮವು ಸಾರ್ವಜನಿಕ ಉಪಯುಕ್ತ ಸೇವೆ ಎಂದು ಸ್ಪಷ್ಟವಾಗಿ ಹೆಸರಿಸಿದೆ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ಅಧ್ಯಕ್ಷತೆಯಲ್ಲಿ ಮೂವರು ಸದಸ್ಯರು ಮೊದಲು ರಾಜಿಗೆ ಪ್ರಯತ್ನಿಸುತ್ತಾರೆ. ರಾಜಿ ಸಾಧ್ಯವಾಗದಿದ್ದರೆ ಅವರೇ ಗುಣಾವಗುಣಗಳ ಮೇಲೆ ತೀರ್ಮಾನ ನೀಡಬಲ್ಲರು. ಇದು ಸಾಮಾನ್ಯ ಲೋಕ ಅದಾಲತ್‌ಗೆ ಇಲ್ಲದ ಅಧಿಕಾರ. ನ್ಯಾಯಾಲಯ ಶುಲ್ಕವಿಲ್ಲ. ಆದರೆ ವಿವಾದವನ್ನು ಯಾವುದೇ ನ್ಯಾಯಾಲಯಕ್ಕೆ ಒಯ್ಯುವ ಮೊದಲೇ ಇಲ್ಲಿಗೆ ಅರ್ಜಿ ಸಲ್ಲಿಸಬೇಕು. ಸಲ್ಲಿಸಿದ ನಂತರ ಅದೇ ವಿವಾದವನ್ನು ಬೇರೆಡೆ ಒಯ್ಯುವಂತಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಬಹುದು.

ಎರಡನೆಯದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿಯ ಜಿಲ್ಲಾ ಗ್ರಾಹಕರ ಆಯೋಗ. ಸೇವೆಗೆ ಪಾವತಿಸಿದ ಪ್ರತಿಫಲ 5 ಲಕ್ಷ ರೂ. ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರ ನೇಮಕ ಕಡ್ಡಾಯವಲ್ಲ. ವ್ಯಾಜ್ಯಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಸಂಪರ್ಕ ಕಡಿತದ ಭೀತಿ ಇದ್ದಲ್ಲಿ ಮಧ್ಯಂತರ ಆದೇಶ ಕೋರಲು ಅವಕಾಶವಿದೆ. ದೂರು ನೀಡುವ ಮೊದಲು ಮಾರ್ಗದರ್ಶನ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡೂ ಕಡೆ ಮೊದಲು ಕೇಳುವುದು ಮೇಲೆ ಹೇಳಿದ ಬಿಲ್ಲುಗಳು, ಚಿತ್ರ ಮತ್ತು ಮೊಹರಿರುವ ಅರ್ಜಿಯನ್ನೇ.

ಬಾಡಿಗೆ ಮನೆಗಳ ಬಗ್ಗೆ

ಒಂದೇ ಸಂಪರ್ಕದಿಂದ ಎರಡು–ಮೂರು ಮನೆಗಳಿಗೆ ನೀರು ಹೋಗುವ ಕಡೆ ಬಿಲ್ಲಿನ ವಿವಾದವು ಕಚೇರಿಗೆ ಬರುವ ಮೊದಲು ಮಾಲೀಕರ ಮತ್ತು ಬಾಡಿಗೆದಾರರ ನಡುವೆ ನಡೆದಿರುತ್ತದೆ. ಕಚೇರಿಯ ದಾಖಲೆಯಲ್ಲಿ ಗ್ರಾಹಕರೆಂದರೆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರು. ಒಳಗಿನ ಹಂಚಿಕೆಯಲ್ಲಿ ಕಚೇರಿ ಪ್ರವೇಶಿಸುವುದಿಲ್ಲ. ಎಲ್ಲರ ಬಳಕೆ ಒಟ್ಟಾಗಿ ಮೇಲಿನ ಹಂತವನ್ನು ಮುಟ್ಟುವುದರಿಂದ, ಹೆಚ್ಚಿನ ದರದ ಭಾಗವನ್ನೆಲ್ಲ ಕೊನೆಯಲ್ಲಿ ಬಂದು ಸೇರಿದ ಬಾಡಿಗೆದಾರರ ತಲೆಗೆ ಕಟ್ಟುವುದು ಲೆಕ್ಕದ ದೃಷ್ಟಿಯಿಂದಲೂ ಸರಿಯಲ್ಲ. ಮೇಲಿನ ಟ್ಯಾಂಕಿನಿಂದ ಪ್ರತಿ ಮನೆಗೆ ಇಳಿಯುವ ಕೊಳವೆಗೆ ಒಂದೊಂದು ಚಿಕ್ಕ ಮೀಟರು ಹಾಕಿಸಿಕೊಂಡರೆ ಹಂಚಿಕೆ ಸುಲಭವಾಗುತ್ತದೆ. ಅವುಗಳ ಮೊತ್ತವನ್ನು ಬೀದಿಯ ಮೀಟರಿನೊಂದಿಗೆ ಹೋಲಿಸಿದಾಗ ದೊಡ್ಡ ವ್ಯತ್ಯಾಸ ಕಂಡರೆ, ನೀರು ಮನೆಗಳನ್ನು ತಲುಪುವ ಮೊದಲೇ ಹೋಗುತ್ತಿದೆ ಎಂದು ತಿಳಿದು ಸಂಪಿನ ಮುಚ್ಚಳ ತೆರೆದು ನೋಡತಕ್ಕದ್ದು.